ಚಪ್ಪರದ ದಾರ ಇನ್ನೊಂದು ಊರಿಗೂ ಹೋಗಲಿ

ಮಾನ್ಯ ಶಿಕ್ಷಣ ಸಚಿವರಿಗೆ,



ನಾನು ಉತ್ತರ ಕನ್ನಡ ಜಿಲ್ಲೆ ಸಿದ್ದಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. 1ರಿಂದ 5ನೇ ತರಗತಿ, ಇಬ್ಬರು ಶಿಕ್ಷಕರು, 19 ಮಕ್ಕಳು. ನಮ್ಮ ಕಡೆಯ ರೂಢಿಯಂತೆ ಮಕ್ಕಳು ನನ್ನನ್ನು ಅಕ್ಕೋರೆ ಎನ್ನುತ್ತಾರೆ. ತಮಗೆ ಈ ಪತ್ರ ಬರೆಯುವಂತೆ ಮಾಡಿದ್ದು ಒಂದು ಸೊನ್ನೆ. ಅದರ ಕತೆಯನ್ನೇ ಮೊದಲು ಹೇಳುತ್ತೇನೆ.

ಕಳೆದ ಜುಲೈನಲ್ಲಿ ನಮ್ಮ ಮಕ್ಕಳು ಮಳೆ ಅಳೆಯಲು ಹೊರಟರು. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಮೇಲೆ ಕೂರಿಸಿದೆವು. ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹೊಯ್ದು, ಆ ನೀರಿನ ಮಟ್ಟಕ್ಕೆ ಸೊನ್ನೆ ಬರುವಂತೆ ಸ್ಕೇಲು ಅಂಟಿಸಿದೆವು. ದಿನಾ ಪ್ರಾರ್ಥನೆ ಮುಗಿದ ಕೂಡಲೇ ಇಬ್ಬರು ಮಕ್ಕಳು ಅಂಗಳಕ್ಕೆ ಹೋಗಿ ಮಟ್ಟ ನೋಡಿ ಬರಬೇಕು. ಅದೇ ವಾರ ರಾಯಚೂರು ಜಿಲ್ಲೆ ಲಿಂಗಸೂಗೂರು ತಾಲೂಕಿನ ಒಂದು ಶಾಲೆಯಲ್ಲೂ ಇಂಥದೇ ಬಾಟಲಿ ಇಟ್ಟರು. ಅಲ್ಲಿಯ ಶಿಕ್ಷಕಿ ನನ್ನ ಡಿ.ಇಡಿ. ದಿನಗಳ ಗೆಳತಿ. ಅಂದಂದಿನ ಅಳತೆಯನ್ನು ಅವರ ಮಕ್ಕಳು ತಮ್ಮ ದನಿಯಲ್ಲಿ ಹೇಳಿ ಅವಳ ಮೊಬೈಲಿನಿಂದ ವಾಟ್ಸಾಪ್ ಮಾಡುವುದು, ನಮ್ಮವರು ನಮ್ಮದನ್ನು ಕಳಿಸುವುದು, ಎರಡೂ ಊರಿನ ಮಳೆಯನ್ನು ಎರಡೂ ಶಾಲೆಯ ಗೋಡೆಯ ಮೇಲೆ ಕಂಬ ಕಂಬವಾಗಿ ಬಿಡಿಸುವುದು. ಇಷ್ಟೇ ನಮ್ಮ ಏರ್ಪಾಡು.

ನಮ್ಮ ಕಂಬ ಮೂರನೇ ದಿನಕ್ಕೇ ಹಾಳೆ ದಾಟಿತು. ಮೇಲೊಂದು ಹಾಳೆ ಅಂಟಿಸಿದೆವು. ಲಿಂಗಸೂಗೂರಿನಿಂದ ನಾಲ್ಕು ದಿನವಾದರೂ ದನಿಯೇ ಇಲ್ಲ. 4ನೇ ತರಗತಿಯ ಹುಡುಗಿಯೊಬ್ಬಳು ಸ್ಕೆಚ್ ಪೆನ್ ಹಿಡಿದು ನಿಂತು ಕೇಳಿದಳು: "ಅಕ್ಕೋರೆ, ಅವ್ರದ್ದು ಸೊನ್ನೆ ಬರಿಯೂದೋ, ಖಾಲಿ ಬಿಡೂದೋ?"

ಹದಿನೇಳು ವರ್ಷದಿಂದ ಸೊನ್ನೆ ಕಲಿಸುತ್ತಿದ್ದೇನೆ. ಈ ಪ್ರಶ್ನೆಯನ್ನು ಯಾವ ಮಗುವೂ ನನಗೆ ಕೇಳಿರಲಿಲ್ಲ. ಅವರನ್ನೇ ಕೇಳುವಾ ಎಂದೆ. ಮಕ್ಕಳು ಪ್ರಶ್ನೆಯನ್ನು ದನಿಮುದ್ರಿಸಿ ಕಳಿಸಿದರು. ಸಂಜೆ ಅಲ್ಲಿಂದ ಒಬ್ಬ ಹುಡುಗನ ಉತ್ತರ ಬಂತು: "ಮಳಿ ಬಂದಿಲ್ರಿ. ಏನ್ ಹೇಳೂದಂತ ಸುಮ್ನಿದ್ವಿ. ಆದ್ರ ಬಾಟ್ಲಿ ದಿನಾ ನೋಡೀವಿ."

ಮರುದಿನ ನಮ್ಮ ಮಕ್ಕಳು ನಾಲ್ಕು ಸೊನ್ನೆ ಬರೆದರು. ಮುಂದಿನ ವಾರ ಎರಡು ದಿನ ಮಳೆಗೆಂದು ಶಾಲೆಗೆ ರಜೆ ಬಂತು. ತಿರುಗಿ ಬಂದಾಗ ಬಾಟಲಿ ತುಂಬಿ ಹೊರಗೆ ಚೆಲ್ಲುತ್ತಿತ್ತು, ಯಾವ ದಿನ ಎಷ್ಟು ಎಂದು ತಿಳಿಯುವ ದಾರಿಯಿರಲಿಲ್ಲ. ಆ ಎರಡು ಮನೆಗಳನ್ನು ಮಕ್ಕಳು ತಾವಾಗಿಯೇ ಖಾಲಿ ಬಿಟ್ಟರು. "ನಾವು ನೋಡಿಲ್ಲ, ಅದ್ಕೆ ಖಾಲಿ" ಎಂದರು. ನೋಡಿದ ಮೇಲೆ ಏನೂ ಇಲ್ಲದಿದ್ದರೆ ಸೊನ್ನೆ, ನೋಡದೇ ಇದ್ದರೆ ಖಾಲಿ. ಹಾವೇರಿ, ಗದಗ, ಕೊಪ್ಪಳ ದಾಟಿ ಆಚೆ ಇರುವ, ಇವರು ಎಂದೂ ಮುಖ ನೋಡದ ಒಬ್ಬ ಹುಡುಗ ಕಲಿಸಿದ ಪಾಠ ಅದು. ಆ ಪಾಠ ಯಾವ ವಿಡಿಯೊದಲ್ಲೂ ಇಲ್ಲ, ನನ್ನ ಪಾಠಯೋಜನೆಯಲ್ಲೂ ಇರಲಿಲ್ಲ.

ಆಮೇಲೆ ಎರಡೂ ಕಡೆಯ ಮಕ್ಕಳು ಮನೆಯ ಹಿರಿಯರಿಂದ ಮಳೆಗಳ ಹೆಸರು ಕೇಳಿಕೊಂಡು ಬಂದರು. ಮೃಗಶಿರ ಅವರಲ್ಲಿ ಮಿರಗ. ಆರಿದ್ರಾ, ಪುನರ್ವಸು, ಪುಷ್ಯ ಎರಡೂ ಊರಲ್ಲಿ ಒಂದೇ. ಹೆಸರು ಒಂದೇ ಇದ್ದು ಮಳೆ ಇಷ್ಟು ಬೇರೆ ಏಕೆ ಎಂದು 5ನೇ ತರಗತಿಯವರು ಗೋಡೆಯ ನಕ್ಷೆಯ ಮುಂದೆ ಕೂತರು. ಪಶ್ಚಿಮ ಘಟ್ಟ ಮೋಡವನ್ನು ತಡೆಯುತ್ತದೆ ಎಂಬ ಸಾಲು ಅವರ ಪಾಲಿಗೆ ಅಂದಿನಿಂದ ಉತ್ತರವಾಯಿತು. ಅದಕ್ಕೂ ಮೊದಲು ಅದು ಬಾಯಿಪಾಠವಾಗಿತ್ತು.

ಮಾನ್ಯರೇ, ಇಷ್ಟಕ್ಕೆ ಬೇಕಾದದ್ದು ಒಂದು ಮೊಬೈಲು. ಅದೂ ನನ್ನ ಸ್ವಂತದ್ದು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಮಧ್ಯಾಹ್ನ ಮುದ್ರಿಸಿದ್ದು ನಾನು ಸಂಜೆ ಬಸ್ಸಿಗೆ ನಿಲ್ಲುವ ದಿಬ್ಬದ ಮೇಲೆ ಹೋದಾಗ ಹೊರಡುತ್ತದೆ. ಒಂದು ನಿಮಿಷದ ದನಿಗೆ ಆ ಸಿಗ್ನಲ್ಲೇ ಸಾಕು. ಈ ವಿಷಯದಲ್ಲಿ ಬಡತನದ ನೆಪ ನಾವು ಹೇಳಲಾರೆವು, ತಾವೂ ಹೇಳಬೇಕಾಗಿಲ್ಲ.

ಆದರೆ ಅದೇ ಮೊಬೈಲು ಶಾಲೆಯಲ್ಲಿ ದಿನದ ಹೆಚ್ಚು ಹೊತ್ತು ಮಾಡುವ ಕೆಲಸ ಬೇರೆ. ಹಾಲು ಕುಡಿಸಿದ ಫೋಟೊ, ಮೊಟ್ಟೆ ಕೊಟ್ಟ ಫೋಟೊ, ಸಸಿ ನೆಟ್ಟ ಫೋಟೊ, ದಿನಾಚರಣೆಯ ಫೋಟೊ. ಮಗುವಿನ ಬಾಯಿಗೆ ಲೋಟ ಹೋಗುವ ಹೊತ್ತಿಗೆ ನಾನು ಅದರ ಮುಖ ನೋಡುವ ಬದಲು ಪರದೆ ನೋಡುತ್ತಿರುತ್ತೇನೆ. ಮೊಬೈಲು ಎಂದರೆ ಮೇಲಿನವರಿಗೆ ಸಾಕ್ಷಿ ಕಳಿಸುವ ಯಂತ್ರ ಎಂದು ನಮ್ಮ ಮಕ್ಕಳು ತಿಳಿದುಕೊಂಡಿದ್ದರು. ಅದನ್ನು ಹಿಡಿದು ನಾನು ಎದ್ದು ನಿಂತರೆ ಸಾಕು, ಎಲ್ಲರೂ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಸಾಲಾಗಿ ನಿಲ್ಲುತ್ತಿದ್ದರು. ನನಗೆ ತುಂಬ ಬೇಸರ ತಂದ ನೋಟ ಅದು.

ಇದಕ್ಕೆ ತದ್ವಿರುದ್ಧವಾದ ನಮ್ಮ ನಲಿಕಲಿ ಕೊಠಡಿಯನ್ನು ತಾವು ನೋಡಿರುತ್ತೀರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದ ನಮ್ಮಂಥ ಶಿಕ್ಷಕರೇ ಕೂತು ಕಾರ್ಡುಗಳನ್ನು ಬರೆದು ಶುರುಮಾಡಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೂ ಬಂತು. ಅಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಜೊತೆಯ ಮಕ್ಕಳದೇ ನೆರವು. ತಲೆಯ ಮೇಲೆ ಕೊಠಡಿಯ ಅಡ್ಡಕ್ಕೂ ಉದ್ದಕ್ಕೂ ದಾರ ಕಟ್ಟಿ ಮಾಡಿದ ಚಪ್ಪರ. ಮಗು ಬರೆದ ಚಿತ್ರ, ಮಡಚಿದ ಕಾಗದದ ಹಕ್ಕಿ, ಮೊದಲ ಸಲ ತಪ್ಪಿಲ್ಲದೆ ಬರೆದ ಹೆಸರು ಎಲ್ಲವೂ ಆ ದಾರಕ್ಕೆ ತೂಗುತ್ತವೆ, ಬೇರೆ ಮಕ್ಕಳು ಕತ್ತೆತ್ತಿ ನೋಡಲೆಂದು. ಡಿಜಿಟಲ್ ಸಾಧನ ಪ್ರಾಥಮಿಕ ಶಾಲೆಗೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಚಪ್ಪರವನ್ನು ತೋರಿಸುತ್ತೇನೆ. ಆ ದಾರದ ಒಂದು ಕೊನೆ ಇನ್ನೊಂದು ಊರಿನ ಶಾಲೆಯಲ್ಲಿ ಕಟ್ಟಿಕೊಳ್ಳಲಿ ಎಂಬುದೇ ನನ್ನ ಬೇಡಿಕೆ.

ಇದು ಹೊಸ ಹಂಬಲವೇನಲ್ಲ. ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ಫ್ರಾನ್ಸ್ ದೇಶದ ದಕ್ಷಿಣದ ಬೆಟ್ಟದೂರೊಂದರಲ್ಲಿ ಸೆಲೆಸ್ಟೆನ್ ಫ್ರೆನೆ ಎಂಬ ಪ್ರಾಥಮಿಕ ಶಾಲೆಯ ಮಾಸ್ತರರಿದ್ದರು. ಮೊದಲ ಮಹಾಯುದ್ಧದಲ್ಲಿ ಎದೆಗೆ ಗುಂಡು ತಗುಲಿ ಶ್ವಾಸಕೋಶ ಕೆಟ್ಟಿತ್ತು. ಹೆಚ್ಚು ಹೊತ್ತು ಗಟ್ಟಿಯಾಗಿ ಪಾಠ ಹೇಳಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಅವರು ಒಂದು ಸಣ್ಣ ಮುದ್ರಣಯಂತ್ರವನ್ನು ತರಗತಿಗೆ ತಂದರು. ಮಕ್ಕಳು ತಮ್ಮ ಊರಿನ ಸುದ್ದಿಯನ್ನು ತಾವೇ ಬರೆದು, ತಾವೇ ಒಂದೊಂದು ಅಕ್ಷರದ ಮೊಳೆ ಜೋಡಿಸಿ, ಮಸಿ ಹಚ್ಚಿ ಅಚ್ಚು ಹಾಕಿ, ದೇಶದ ಇನ್ನೊಂದು ತುದಿಯ ಬ್ರಿಟನಿಯ ಕಡಲತಡಿಯ ಶಾಲೆಗೆ ಅಂಚೆಯಲ್ಲಿ ಕಳಿಸಿದರು. ಆ ಕಡೆಯಿಂದಲೂ ಹಾಳೆಗಳು ಬಂದವು. ಅಂದಿನ ತರಗತಿಗೆ ಆ ಅಚ್ಚಿನ ಯಂತ್ರವೇ ಹೊಸ ತಂತ್ರಜ್ಞಾನ. ಓದುವವರು ಬೇರೆ ಊರಲ್ಲಿದ್ದಾರೆ ಎಂದು ಗೊತ್ತಾದ ಮೇಲೆ ಮಕ್ಕಳು ಕಾಗುಣಿತದ ತಪ್ಪನ್ನು ತಾವೇ ಹುಡುಕತೊಡಗುತ್ತಾರೆ. ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಕಂಡು ತಿಳಿದದ್ದು ಹೆಚ್ಚು.

ಕಂಡದ್ದು ಹೀಗೆ. 3ನೇ ತರಗತಿಯ ಒಬ್ಬ ಹುಡುಗಿ ಲಿಂಗಸೂಗೂರಿನವರಿಗೆಂದು ನಮ್ಮ ಊರ ಕೆರೆಯ ಬಗ್ಗೆ ಏಳು ಸಾಲು ಬರೆದು ಓದಿದಳು. ಮುದ್ರಿಸಿದ್ದನ್ನು ಕಿವಿಗೆ ಹಿಡಿದು ಕೇಳಿದಳು. ಮುಖ ಸಣ್ಣದಾಯಿತು. "ನಾನು ಎಲ್ಲೂ ನಿಲ್ಲಲೇ ಇಲ್ಲ ಅಕ್ಕೋರೆ" ಎಂದಳು. ಪೂರ್ಣವಿರಾಮ ಬಂದಲ್ಲಿ ನಿಲ್ಲು ಎಂದು ನಾನು ಜೂನ್‌ನಿಂದ ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ, ಅವಳದೇ ದನಿ ಹೇಳಿದ್ದು ಬಿತ್ತು. ಪೆನ್ಸಿಲಿನಲ್ಲಿ ಪ್ರತಿ ಪೂರ್ಣವಿರಾಮಕ್ಕೂ ಸುತ್ತು ಹಾಕಿಕೊಂಡು ಮತ್ತೆ ಓದಿದಳು. ಒಟ್ಟು ಆರು ಸಲ. ಏಳು ಸಾಲನ್ನು ಆರು ಸಲ ಓದು ಎಂದು ನಾನು ಹೇಳಿದ್ದರೆ ಅದು ಶಿಕ್ಷೆಯಾಗುತ್ತಿತ್ತು.

ಒಂದು ಮೊಬೈಲಿಗೆ ಒಂದು ತಟ್ಟೆಯ ಐದು ಮಕ್ಕಳು ಎಂಬುದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ. ಐದು ಜನಕ್ಕೆ ಒಂದೇ ಇದ್ದಾಗ ಏನು ಹೇಳಬೇಕು, ಯಾರು ಹೇಳಬೇಕು, ಬಟನ್ ಯಾರು ಒತ್ತಬೇಕು ಎಂದು ಮಾತಾಗುತ್ತದೆ. ಆ ಮಾತೇ ನನಗೆ ಬೇಕಾದ ಭಾಷಾಪಾಠ. ಮೊದಮೊದಲು ಬಟನ್ ಸದಾ ಹುಡುಗರ ಕೈಯಲ್ಲೇ ಇರುತ್ತಿತ್ತು. ಸರದಿಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ ಮೇಲೆ ಸರಿಹೋಯಿತು. ಐವರಿಗೆ ಐದು ಟ್ಯಾಬ್ ಕೊಟ್ಟರೆ ಐವರೂ ತಲೆ ತಗ್ಗಿಸುತ್ತಾರೆ, ತಟ್ಟೆ ಒಡೆಯುತ್ತದೆ.

ಪೆರು ದೇಶ ಇದನ್ನು ದೊಡ್ಡ ಬೆಲೆ ಕೊಟ್ಟು ಕಲಿಯಿತು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿದರು. 2012ರಲ್ಲಿ ಬಂದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಮುಂದೆ ಹೋದದ್ದು ಕಾಣಲಿಲ್ಲ. ಯಂತ್ರ ಬಂತು, ಪಾಠ ಹಳೆಯದೇ ಉಳಿಯಿತು. ಅಷ್ಟು ದೂರ ಏಕೆ, ನಾನು ಹಿಂದೆ ಇದ್ದ ಶಾಲೆಯಲ್ಲಿ ದಾನಿಗಳು ಕೊಟ್ಟ ದೊಡ್ಡ ಟಿವಿ ಇತ್ತು. ಧೂಳು ಕೂರಬಾರದೆಂದು ಅದಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದೆಸಿದ್ದರು. ಬಟ್ಟೆ ತೆಗೆಯುತ್ತಿದ್ದುದು ಯಾರಾದರೂ ಭೇಟಿಗೆ ಬಂದಾಗ ಮಾತ್ರ. ಮಕ್ಕಳಿಗೆ ಏನಾದರೂ ತೋರಿಸಿದರೂ ಅವರು ನೆಲದ ಮೇಲೆ ಕೂತು ನೋಡಬೇಕು, ಮುಗಿದ ಮೇಲೆ ಏಳಬೇಕು. ವಿಡಿಯೊ ಬೇಡವೆಂದಲ್ಲ. ತಿಮಿಂಗಿಲ ಉಸಿರು ಬಿಡುವುದನ್ನು ನಮ್ಮ ಮಕ್ಕಳು ಬೇರೆಲ್ಲಿ ನೋಡಬೇಕು? ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊದಲೇ ಇಳಿಸಿಟ್ಟುಕೊಂಡ ದೀಕ್ಷಾ ಜಾಲತಾಣದ ಪಾಠಗಳನ್ನು ನಾನೂ ತೋರಿಸುತ್ತೇನೆ. ಆದರೆ ಮೇಲಿಂದ ಕೆಳಗೆ ಬರುವುದಷ್ಟೇ ಆದರೆ ಅದು ಬರೀ ಇನ್ನೊಂದು ಕಪ್ಪುಹಲಗೆ.

ಆ ಕ್ಯೂಆರ್ ಕೋಡಿಗೂ ಕನ್ನಡಕ್ಕೂ ಒಂದು ನಂಟಿದೆ. 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ರಣಜಿತ್‌ಸಿಂಹ ಡಿಸಲೆಯವರು ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಮಕ್ಕಳ ಮನೆಮಾತು ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ ಅವರು ಕನ್ನಡ ಕಲಿತು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ ಕನ್ನಡದ ಹಾಡು, ಕತೆ, ಪಾಠಗಳನ್ನು ಸೇರಿಸಿದರು ಎಂದು ಪ್ರಶಸ್ತಿ ಕೊಟ್ಟವರು ವಿವರಿಸಿದ್ದಾರೆ. ತಮ್ಮ ಶಾಲೆಯ ಮಕ್ಕಳಿಗೆ ಬೇಕಾದದ್ದನ್ನು ಶಿಕ್ಷಕರೊಬ್ಬರು ಕೈಯಾರೆ ಮಾಡಿದ್ದು ಆಮೇಲೆ ಎಲ್ಲರ ಪುಸ್ತಕಕ್ಕೂ ಬಂತು. ದಾರಿ ಆ ದಿಕ್ಕಿನಲ್ಲಿಯೂ ನಡೆಯುತ್ತದೆ ಎಂಬುದನ್ನು ತಾವು ಗಮನಿಸಬೇಕು.

ಈಗ ನನ್ನ ಕೋರಿಕೆಗಳು. ಪ್ರತಿ ಕಿರಿಯ ಪ್ರಾಥಮಿಕ ಶಾಲೆಗೆ ಶಾಲೆಯದೇ ಆದ ಒಂದು ಮೊಬೈಲು ಅಥವಾ ಟ್ಯಾಬ್ ಬೇಕು, ಅದರ ರೀಚಾರ್ಜು ಶಾಲಾ ಅನುದಾನದಲ್ಲಿ ಬರಬೇಕು. ಅದರಿಂದ ಯಾವ ವರದಿಯನ್ನೂ ಕೇಳಬಾರದು. ದಯವಿಟ್ಟು ಇದೊಂದು ಮಾತನ್ನು ಆದೇಶದಲ್ಲೇ ಬರೆಸಿ. ಇಲ್ಲವಾದರೆ ಒಂದೇ ತಿಂಗಳಲ್ಲಿ ಅದೂ ಹಾಲು-ಮೊಟ್ಟೆಯ ಫೋಟೊಗೆ ಹೋಗುತ್ತದೆ. ನಮ್ಮ ಕ್ಲಸ್ಟರಿನ ತಿಂಗಳ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ನಮಗೇ ಬಿಟ್ಟುಕೊಡಿ. ಯಾರು ಏನು ಮಾಡಿದರು, ಯಾವುದು ಕೆಟ್ಟಿತು ಎಂದು ಶಿಕ್ಷಕರು ಪರಸ್ಪರ ಹೇಳಿಕೊಳ್ಳಲಿ. ದನಿಮುದ್ರಣವನ್ನು ನನಗೆ ಕಲಿಸಿದ್ದು ಪಕ್ಕದ ಶಾಲೆಯ ಮಾಸ್ತರು, ಹತ್ತು ನಿಮಿಷದಲ್ಲಿ.

ಶಾಲೆ ಶಾಲೆ ಜೋಡಿಯಾಗಲು ಅವಕಾಶ ಕೊಡಿ. 31 ಜಿಲ್ಲೆಗಳಿವೆ. ಕೊಡಗಿನ ಮಗು ಬೀದರಿನ ಮಗುವಿನ ಕನ್ನಡ ಕೇಳಲಿ. ನಮ್ಮವರು ಕಾಡಿನಿಂದ ಗುಡಿಸಿ ತರುವ ಒಣಗಿದ ಎಲೆಗೆ ದರಕು ಎನ್ನುತ್ತಾರೆ, ಆ ಪದ ಲಿಂಗಸೂಗೂರಿನವರಿಗೆ ಹೊಸದು. ಅವರು ಎರಿ, ಮಸಾರಿ ಎಂದು ಮಣ್ಣಿಗೆ ಹೇಳುವ ಹೆಸರು ಇಲ್ಲಿಯವರಿಗೆ ಹೊಸದು. ನಮ್ಮ ಗೋಡೆಯ ಮೇಲೆ ಈಗ ಅಂಥ ಪದಗಳ ಪಟ್ಟಿಯೇ ಇದೆ. ಆದರೆ ಜೋಡಿಯನ್ನು ಶಿಕ್ಷಕರೇ ಹುಡುಕಿಕೊಳ್ಳಲಿ. ಇಂತಿಷ್ಟು ಜೋಡಿ, ಇಂತಿಷ್ಟು ದಿನದೊಳಗೆ ಎಂದು ಗುರಿ ನಿಗದಿಯಾದ ದಿನ ಇದರ ಜೀವ ಹೋಗುತ್ತದೆ. ಸ್ಪರ್ಧೆ, ಬಹುಮಾನವೂ ಬೇಡ.

ಇನ್ನೊಂದು ಎಚ್ಚರಿಕೆ. ಮಕ್ಕಳ ಮುಖ ಹೊರಗೆ ಹೋಗಬಾರದು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ನಾವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಂದೆತಾಯಿಯರ ಮುಂದೆಯೇ ನಿರ್ಧರಿಸಿದ್ದೇವೆ: ದನಿ, ಚಿತ್ರ, ಬರಹ ಮಾತ್ರ ಹೋಗಬೇಕು. ಎರಡು ಶಾಲೆಯ ನಡುವೆಯೇ ಇರಬೇಕು. ವರ್ಷದ ಕೊನೆಗೆ ಅಳಿಸಬೇಕು. ಯಾವ ಗುಂಪಿಗೂ, ಯಾವ ಮೇಲಧಿಕಾರಿಯ ಸ್ಟೇಟಸ್ಸಿಗೂ ಹೋಗಬಾರದು. ಇದನ್ನು ರಾಜ್ಯದ ನಿಯಮವಾಗಿಸುವುದು ತಮ್ಮ ಕೈಯಲ್ಲಿದೆ.

ದೀಪಾವಳಿ ರಜೆಯ ನಂತರ ಲಿಂಗಸೂಗೂರಿನಿಂದ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಎರಿ, ಅಂದರೆ ಕಪ್ಪು ಮಣ್ಣು. ನಮ್ಮ ಮಕ್ಕಳು ಅದಕ್ಕೆ ನೀರು ಹಾಕಿ ಕಲಸಿ ಕಿಟಕಿಯಲ್ಲಿ ಇಟ್ಟರು. ಮೂರನೇ ದಿನ ಬಿಸಿಲಿಗೆ ಅದು ಬಿರಿಯಿತು, ಆ ಬಿರುಕಿನಲ್ಲಿ ಪೆನ್ಸಿಲ್ ನಿಲ್ಲುತ್ತಿತ್ತು. ನಮ್ಮ ಅಂಗಳದ ಕೆಂಪು ಮಣ್ಣನ್ನೂ ಪಕ್ಕದಲ್ಲಿ ಇಟ್ಟಿದ್ದರು, ಅದು ಬಿರಿಯಲಿಲ್ಲ. ಏಕೆ ಎಂಬ ಪ್ರಶ್ನೆ ದಿಬ್ಬದ ಮೇಲಿನಿಂದ ಆ ಊರಿಗೆ ಹೋಗಿದೆ. ಉತ್ತರಕ್ಕೆ ಕಾಯುತ್ತಿದ್ದೇವೆ, ಅವರು ತಮ್ಮ ಅಜ್ಜಂದಿರನ್ನು ಕೇಳಿ ಹೇಳುತ್ತಾರಂತೆ.

ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮೇ ಕೊನೆಗೋ ಜೂನ್ ಮೊದಲಿಗೋ. ತಮ್ಮ ಆದೇಶ ಅದಕ್ಕಿಂತ ಮೊದಲು ಬಂದರೆ ಈ ಸಲ ಮಿರಗದ ಮಳೆಯಿಂದಲೇ ಅಳೆಯಬಹುದು.

ತಮ್ಮ ವಿಶ್ವಾಸಿ,
ಕಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ
ಸಿದ್ದಾಪುರ ತಾಲೂಕು, ಉತ್ತರ ಕನ್ನಡ