ಹೊಳೆಯಾಚೆಯ ಮನೆಯೂ ಪಂಚಾಯಿತಿಯದೇ

ಕಡಹಿನಬೈಲು ಎಂಬ ಹೆಸರಿನಲ್ಲಿಯೇ ಮಲೆನಾಡಿನ ಭೂಗೋಳದ ಪಾಠವೊಂದು ಅಡಗಿದೆ. ಕಡಹು ಎಂದರೆ ಹೊಳೆ ದಾಟುವ ತಾಣ. ಬೈಲು ಎಂದರೆ ಗುಡ್ಡಗಳ ನಡುವೆ ತಗ್ಗಿನಲ್ಲಿ ಹಾಸಿಕೊಂಡ ಗದ್ದೆಯ ಸಾಲು. (ಬಯಲುಸೀಮೆಯ ಮಿತ್ರರು ಇದನ್ನು ತಮ್ಮ ಬಯಲೆಂದು ಭಾವಿಸಬಾರದು, ನಮ್ಮ ಬೈಲಿನಲ್ಲಿ ನಿಂತರೆ ಕಾಣುವುದು ಎದುರಿನ ಗುಡ್ಡ ಮಾತ್ರ.) ಊರಿಗೆ ಹೆಸರಿಟ್ಟ ಹಿರಿಯರು ಮೊದಲು ನೀರನ್ನು ನೋಡಿದರು, ಆಮೇಲೆ ನೆಲವನ್ನು. ಆಡಳಿತದ ಗಡಿ ಎಳೆದವರು ತಲೆಗಳನ್ನು ಎಣಿಸಿದರು. ಈ ಎರಡು ನೋಟಗಳ ನಡುವಣ ಅಂತರದಿಂದ ನಮ್ಮ ಕಡೆಯ ಗ್ರಾಮ ಪಂಚಾಯಿತಿಗಳಿಗೆ ಏನು ನಷ್ಟವಾಗಿದೆ ಎಂಬುದನ್ನು ಇಲ್ಲಿ ಬರೆಯಬೇಕೆನಿಸಿದೆ.

ಭದ್ರೆ ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಅಣೆಕಟ್ಟಿನತ್ತ ಸಾಗುತ್ತಾಳೆ. ಅಲ್ಲಿಯೇ ಹುಟ್ಟಿದ ತುಂಗೆ ಶೃಂಗೇರಿ, ಹರಿಹರಪುರದ ದಾರಿ ಹಿಡಿಯುತ್ತಾಳೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬದುಕೆಲ್ಲ ಈ ಅಕ್ಕತಂಗಿಯರ ಆಸುಪಾಸಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವು ಮೂರು ತಾಲ್ಲೂಕುಗಳಾಗಿರಲಿಲ್ಲ. ಅಂದಿನ ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನೊಳಗೆ ಎಡೇಹಳ್ಳಿ ಎಂಬ ಉಪತಾಲ್ಲೂಕೂ ಶೃಂಗೇರಿಯ ಜಾಗೀರೂ ಸೇರಿದ್ದವು. 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಭೇಟಿ ಕೊಟ್ಟ ನೆನಪಿಗಾಗಿ ಎಡೇಹಳ್ಳಿಯು ನರಸಿಂಹರಾಜಪುರವಾಯಿತು. 1947ರಲ್ಲಿ ಕಡೂರು ಜಿಲ್ಲೆಯೇ ಚಿಕ್ಕಮಗಳೂರು ಜಿಲ್ಲೆಯೆನಿಸಿತು. ತರೀಕೆರೆಯಿಂದ ಇಲ್ಲಿಗೆ ಬರುತ್ತಿದ್ದ ಸಣ್ಣ ರೈಲು ಹಿರಿಯರ ಮಾತಿನಲ್ಲಿ ಮಾತ್ರ ಉಳಿಯಿತು. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದಾಗ ಎಷ್ಟೋ ಗದ್ದೆಗಳೂ ಹಳೆಯ ಹಾದಿಗಳೂ ಮುಳುಗಿದವು, ನೆರೆಯೂರುಗಳು ದೂರವಾದವು. ಹೆಸರು ಬದಲಾಯಿಸಲು ಒಂದು ಆದೇಶ ಸಾಕು. ಹಾದಿ ಬದಲಾದರೆ ಅದನ್ನು ದಿನವೂ ನಡೆದು ತೀರಿಸಬೇಕು.

ಗ್ರಾಮಾಡಳಿತದ ಚರಿತ್ರೆ ಎಲ್ಲರಿಗೂ ತಿಳಿದದ್ದೇ. 1959ರ ಕಾಯಿದೆಯ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಬೋರ್ಡು, ಅಬ್ದುಲ್ ನಜೀರ್ ಸಾಬರ ಕನಸಿನ ಫಲವಾಗಿ 1987ರ ಚುನಾವಣೆಯೊಂದಿಗೆ ಬಂದ ಮಂಡಲ ಪಂಚಾಯಿತಿ, ಸಂವಿಧಾನದ 73ನೆಯ ತಿದ್ದುಪಡಿಯ ನಂತರ 1993ರ ಕಾಯಿದೆಯ ಇಂದಿನ ಗ್ರಾಮ ಪಂಚಾಯಿತಿ. ಒಂದೊಂದು ಸಲವೂ ಗಡಿ ಬದಲಾಯಿತು, ಕಚೇರಿ ಸ್ಥಳ ಬದಲಾಯಿಸಿತು, ಜನ ಹೊಸ ದಾರಿ ಕಲಿತರು.

1993ರ ಕಾಯಿದೆಯನ್ನು ರೂಪಿಸಿದವರಿಗೆ ಮಲೆನಾಡು ಮರೆತುಹೋಗಿತ್ತೆಂದು ದೂರುವುದು ಅನ್ಯಾಯ. ಉಳಿದೆಡೆ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಪಂಚಾಯಿತಿ ಎಂದ ಕಾಯಿದೆಯು, ಮಲೆನಾಡಿನ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದಿತು. ಅಷ್ಟೇ ಅಲ್ಲ, ಜನಸಂಖ್ಯೆ ಎಷ್ಟೇ ಇರಲಿ, ಗ್ರಾಮವೊಂದರ ನಡುವಿನಿಂದ ಐದು ಕಿಲೋಮೀಟರ್ ಸುತ್ತಳತೆಯೊಳಗಿನ ಪ್ರದೇಶವನ್ನು ಪಂಚಾಯಿತಿ ಮಾಡಲು ಸರ್ಕಾರಕ್ಕೆ ಅವಕಾಶವನ್ನೂ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಕೈವಾರದ ಮುಳ್ಳು ಕಾಗದದ ಮೇಲೆ ತಿರುಗುವಾಗ ಅದಕ್ಕೆ ಹಳ್ಳವೂ ಅಡ್ಡಬರುವುದಿಲ್ಲ, ಗುಡ್ಡವೂ ಅಡ್ಡಬರುವುದಿಲ್ಲ. ಕಾಗದದ ಐದು ಕಿಲೋಮೀಟರ್ ಮಳೆಗಾಲದಲ್ಲಿ ಸುತ್ತುದಾರಿಯಾಗಿ ಎಷ್ಟಾಗುತ್ತದೆ ಎಂಬುದನ್ನು ಹಾಲಿನ ಕ್ಯಾನು ಹೊತ್ತವರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಕೇಳಬೇಕು.

1991ರ ಜನಗಣತಿಗೆ ಉಪಾಧ್ಯಾಯರಾದ ನಾವು ಮನೆಮನೆ ತಿರುಗಿದೆವು. ಇಲ್ಲಿ ಊರೆಂದರೆ ಒತ್ತಾಗಿ ಕೂಡಿದ ಬೀದಿಗಳಲ್ಲ. ತೋಟಕ್ಕೊಂದು ಮನೆ, ಬೈಲಿಗೆರಡು ಮನೆ. ಒಂದು ಮನೆಯ ನಾಯಿ ಬೊಗಳಿದರೆ ಇನ್ನೊಂದು ಮನೆಗೆ ಕೇಳಿಸದು. ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ. ಆಗ ಹಳ್ಳದ ನೀರು ಮೊಣಕಾಲಿಗೂ ಬಾರದು; ಕಲ್ಲಿನಿಂದ ಕಲ್ಲಿಗೆ ಹಾರಿ, ಪಂಚೆಯ ಅಂಚು ಕೂಡ ನೆನೆಯದಂತೆ ದಾಟಿದ್ದುಂಟು. ಅದೇ ಹಳ್ಳ ಜುಲೈಯಲ್ಲಿ ಅಡಿಕೆ ಮರದ ಸಂಕವನ್ನೂ ಕೊಚ್ಚಿಕೊಂಡು ಹೋಗುತ್ತದೆ. ನಾವು ತುಂಬಿದ ನಮೂನೆಗಳಲ್ಲಿ ತಲೆಗಳಿದ್ದವು, ಹಳ್ಳವಿರಲಿಲ್ಲ. ಅಂಥ ಎಣಿಕೆಯನ್ನೇ ಆಧಾರವಾಗಿಟ್ಟುಕೊಂಡು 400 ಜನರಿಗೊಬ್ಬ ಸದಸ್ಯನೆಂದು ಕ್ಷೇತ್ರ ವಿಂಗಡಿಸಿದರೆ, ಸದಸ್ಯನ ಮನೆ ಒಂದು ದಡದಲ್ಲಿ, ಮತದಾರರಲ್ಲಿ ಅರ್ಧದಷ್ಟು ಜನ ಇನ್ನೊಂದು ದಡದಲ್ಲಿ ಉಳಿಯುವುದು ಸಹಜವೇ ಆಗಿದೆ. ಗ್ರಾಮಸಭೆಗೆ ನೂರು ಜನ ಅಥವಾ ಮತದಾರರ ಹತ್ತನೆಯ ಒಂದು ಪಾಲು, ಯಾವುದು ಕಡಿಮೆಯೋ ಅಷ್ಟು ಜನರಿದ್ದರೆ ಕೋರಂ ಆಗುತ್ತದೆ. ಈಚೆ ದಡದವರಿಂದಲೇ ಅದು ಭರ್ತಿಯಾಗುತ್ತದೆ. ಆಚೆಯವರ ಸಂಕ ಮುಂದಿನ ವರ್ಷದ ಕ್ರಿಯಾಯೋಜನೆಗೆ ಹೋಗುತ್ತದೆ.

ಇನ್ನು ಹಣದ ಮಾತು. ಪಂಚಾಯಿತಿಯ ಸ್ವಂತ ಆದಾಯದ ಮುಖ್ಯ ಮೂಲ ಮನೆಗಂದಾಯ. ಕೃಷಿ ಕಂದಾಯಕ್ಕೆ ಒಳಪಟ್ಟ ಭೂಮಿಯ ಮೇಲೆ ಅದು ತೆರಿಗೆ ಹಾಕುವಂತಿಲ್ಲ. ಅಡಿಕೆ, ಕಾಫಿ, ಕಾಳುಮೆಣಸಿನ ತೋಟಗಳು ಎಷ್ಟೇ ಹಬ್ಬಿರಲಿ, ಪಂಚಾಯಿತಿಯ ಲೆಕ್ಕದಲ್ಲಿ ಸಿಗುವುದು ಅಲ್ಲೊಂದು ಇಲ್ಲೊಂದು ಮನೆ. ಆದಾಯ ಮನೆಗಳ ಸಂಖ್ಯೆಯಂತೆ, ಖರ್ಚು ರಸ್ತೆಯ ಉದ್ದದಂತೆ! ಬಯಲುಸೀಮೆಯ ಒಂದೇ ಬೀದಿಯ ಚರಂಡಿಗೆ ಸಾಲುವ ಹಣದಲ್ಲಿ ಇಲ್ಲಿ ಮೂರು ಮನೆಯ ರಸ್ತೆಯೂ ಮುಗಿಯದು. ತಲೆಲೆಕ್ಕದ ಅನುದಾನ ಈ ಕೊರತೆಯನ್ನು ತುಂಬುವುದೂ ಇಲ್ಲ. ಇದರಲ್ಲಿ ಪಂಚಾಯಿತಿಯ ಸದಸ್ಯರನ್ನು ಬೈದು ಪ್ರಯೋಜನವಿಲ್ಲ.

ಪಠ್ಯಪುಸ್ತಕಗಳಿಂದ ನಾವು ಮೆಚ್ಚಲು ಕಲಿತ ಇಂಗ್ಲೆಂಡಿನಲ್ಲಿಯೂ ಗಡಿಯ ಜಗಳ ಹೊಸದಲ್ಲ. 1974ರಲ್ಲಿ ಅಲ್ಲಿನ ಬಹಳಷ್ಟು ಹಳೆಯ ಬರೋಗಳನ್ನು, ಅಂದರೆ ರಾಜನ ಸನದು ಪಡೆದ ಪುರಗಳನ್ನು, ದೊಡ್ಡ ಜಿಲ್ಲೆಗಳಲ್ಲಿ ವಿಲೀನಗೊಳಿಸಿದರು. ರಟ್ಲೆಂಡ್ ಎಂಬ ಪುಟ್ಟ ಕೌಂಟಿಯನ್ನು ಲೆಸ್ಟರ್‌ಷೈರಿಗೆ ಸೇರಿಸಿದರು. ಅಲ್ಲಿಯ ಜನ ಒಪ್ಪಿ ಸುಮ್ಮನಾಗಲಿಲ್ಲ. 1997ರಲ್ಲಿ ರಟ್ಲೆಂಡ್ ಮತ್ತೆ ಸ್ವತಂತ್ರ ಆಡಳಿತ ಪಡೆಯಿತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. 2007ರ ಅಲ್ಲಿಯ ಕಾಯಿದೆಯಂತೆ ಸ್ಥಳೀಯ ಮತದಾರರು ನಿಗದಿತ ಸಂಖ್ಯೆಯಲ್ಲಿ ಸಹಿ ಮಾಡಿ ಅರ್ಜಿ ಕೊಟ್ಟರೆ ಅವರ ಪ್ಯಾರಿಷಿನ, ಅಂದರೆ ಗ್ರಾಮ ಘಟಕದ, ಗಡಿಯನ್ನು ಮರುಪರಿಶೀಲಿಸಬೇಕಾಗುತ್ತದೆ. ಗಡಿ ಕಣ್ಣಿಗೆ ಸ್ಪಷ್ಟವಾಗಿ ಗುರುತಾಗುವಂತಿರಬೇಕು ಎಂಬುದು ಅಲ್ಲಿನ ಮಾರ್ಗಸೂಚಿ. ನಮ್ಮಲ್ಲಿ ಹೊಳೆ ಎಲ್ಲರ ಕಣ್ಣಿಗೂ ಕಾಣುತ್ತದೆ. ನಕ್ಷೆಗೆ ಮಾತ್ರ ಕಾಣುವುದಿಲ್ಲ.

2021ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿಗಳ ಗೊಂದಲದಲ್ಲಿ ವರ್ಷಗಳು ಚುನಾವಣೆಯಿಲ್ಲದೆ ಉರುಳಿದವು. ಆಗ ಜನರಿಗೆ ಉಳಿದ ಚುನಾಯಿತ ಕಟ್ಟೆ ಗ್ರಾಮ ಪಂಚಾಯಿತಿಯೊಂದೇ. ಅದನ್ನಾದರೂ ಎಲ್ಲರ ಕಾಲಿಗೆ ನಿಲುಕುವಂತೆ ಮಾಡಬೇಡವೇ? ಮುಂದಿನ ಸಲ ಗಡಿ ಗುರುತಿಸುವಾಗ ಅಧಿಕಾರಿಗಳು ಆಷಾಢದಲ್ಲಿ ಬರಲಿ, ಜೀಪಿನಿಂದಿಳಿದು ನಡೆಯಲಿ. ಅನುದಾನದ ಸೂತ್ರದಲ್ಲಿ ತಲೆಯ ಜೊತೆಗೆ ರಸ್ತೆಯ ಉದ್ದವನ್ನೂ ಸಂಕಗಳ ಸಂಖ್ಯೆಯನ್ನೂ ಸೇರಿಸಲಿ. ಇವೆಲ್ಲ ಬೆಂಗಳೂರಿನಲ್ಲಿ ಆಗಬೇಕಾದ ಕೆಲಸ, ತಡವಾದೀತು. ವಾರ್ಡುಸಭೆಯನ್ನು ಒಂದು ಸಲ ಹೊಳೆಯ ಈಚೆ, ಇನ್ನೊಂದು ಸಲ ಹೊಳೆಯ ಆಚೆ ಕರೆಯಲು ಮಾತ್ರ ಯಾವ ತಿದ್ದುಪಡಿಯೂ ಬೇಡ. ಸದಸ್ಯರು ಮನಸ್ಸು ಮಾಡಿದರೆ ಈ ಮಳೆಗಾಲದಲ್ಲಿಯೇ ಆಚೆ ದಡದ ಯಾರದಾದರೂ ಅಂಗಳದಲ್ಲಿ ಚಾಪೆ ಹಾಸಬಹುದು.