ಐಸ್‌ಕ್ರೀಂಗೆ ಮೊದಲು ಬೂಮ್ ಸೈಟ್ ನೋಡೋಣ

ಮಿನಿಯಾಪೊಲಿಸ್‌ಗೆ ಓದಲು ಬಂದ ನಾವೆಲ್ಲ ಒಮ್ಮೆಯಾದರೂ ಸ್ಟಿಲ್‌ವಾಟರ್‌ಗೆ ಹೋಗಿರ್ತೀವಿ. ಸೇಂಟ್ ಕ್ರಾಯ್ ನದಿಯ ದಡ, ಹಳೇ ಲಿಫ್ಟ್ ಬ್ರಿಡ್ಜ್ ಮುಂದೆ ಫೋಟೋ, ಒಂದು ಐಸ್‌ಕ್ರೀಂ, ವಾಪಸ್. ಈ ಊರು ಬೆಳೆದದ್ದು ಹೇಗೆ ಅಂತ ಕೇಳೋರು ಕಡಿಮೆ.

ಬೆಳೆದದ್ದು ಮರದಿಂದ. 1837ರ ಒಪ್ಪಂದಗಳ ಮೂಲಕ ಒಜಿಬ್ವೆ ಮತ್ತು ಡಕೋಟಾ ಜನರ ನೆಲ ಸರ್ಕಾರದ ಕೈಸೇರಿತು. 1844ರಲ್ಲಿ ಇಲ್ಲಿ ಮೊದಲ ಸಾಮಿಲ್ ಶುರುವಾಯ್ತು. ಚಳಿಗಾಲದಲ್ಲಿ ಕಡಿದ ಪೈನ್ ದಿಮ್ಮಿಗಳ ತುದಿಗೆ ಸುತ್ತಿಗೆಯಿಂದ ಮಾಲೀಕರ ಗುರುತು ಒತ್ತಿ, ಹಿಮ ಕರಗಿದಾಗ ನದಿಗೆ ಬಿಡೋರು. ಊರಿಗೆ ಸ್ವಲ್ಪ ಮೇಲೆ, ನದಿಗೆ ಅಡ್ಡಲಾಗಿ ದಿಮ್ಮಿಗಳನ್ನೇ ಸರಪಳಿಯಿಂದ ಜೋಡಿಸಿ ಮಾಡಿದ ತೇಲುವ ತಡೆ ಇತ್ತು. ಅದೇ 'ಬೂಮ್'. ಅಲ್ಲಿ ಕೆಲಸಗಾರರು ಗುರುತು ನೋಡಿ, ಬೇರ್ಪಡಿಸಿ, ಅಳೆದು ಮಿಲ್‌ಗಳಿಗೆ ಕಳಿಸ್ತಿದ್ದರು. 1890ರ ಒಂದೇ ವರ್ಷ ಸುಮಾರು 45 ಕೋಟಿ ಬೋರ್ಡ್ ಅಡಿ ಮರ ಇಲ್ಲಿಂದ ದಾಟಿತು.

ಎಂಜಿನಿಯರಿಂಗ್ ಓದಿದ ನಮಗೆ ಇದು ನೋಡಿ ಖುಷಿಪಡುವಂಥ ವ್ಯವಸ್ಥೆ. ಬಾರ್‌ಕೋಡ್ ಇಲ್ಲದ ಕಾಲದಲ್ಲೂ ಯಾವ ದಿಮ್ಮಿ ಯಾರದ್ದು ಅಂತ ಪಕ್ಕಾ ಲೆಕ್ಕ! ಆದರೆ ಲೆಕ್ಕ ಇದ್ದದ್ದು ಬಂದ ದಿಮ್ಮಿಗಳಿಗೆ ಮಾತ್ರ, ಕಾಡಲ್ಲಿ ಉಳಿದ ಮರಗಳಿಗಲ್ಲ. ಕಡಿದ ಮೇಲೆ ಬಿಟ್ಟುಹೋದ ಒಣ ರೆಂಬೆಗಳು 1894ರ ಹಿಂಕ್ಲಿ ಕಾಳ್ಗಿಚ್ಚಿಗೆ ಸೌದೆಯಾದವು. 400ಕ್ಕೂ ಹೆಚ್ಚು ಜನ ಸತ್ತರು. ಆದರೂ ಕಡಿಯೋದು ನಿಲ್ಲಲಿಲ್ಲ. 1914ರಲ್ಲಿ ಕೊನೆಯ ದಿಮ್ಮಿ ಬೂಮ್ ದಾಟಿತು. ಬೂಮ್ ಕೆಟ್ಟಿರಲಿಲ್ಲ, ಕಾಡು ಮುಗಿದಿತ್ತು.

"ಆಗ ಅವರಿಗೆ ಗೊತ್ತಿರಲಿಲ್ಲ" ಅನ್ನೋ ವಾದ ನಾವು ಒಪ್ಪಲ್ಲ. ವರ್ಷ ವರ್ಷಕ್ಕೂ ಇನ್ನಷ್ಟು ದೂರ ಹೋಗಿ ಮರ ಕಡಿಯುತ್ತಿದ್ದವರಿಗೆ ಅಂದಾಜು ಇರದೇ ಇರುತ್ತಾ? ಕೇಳೋದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ನಾವೂ ಕಲಿಯುತ್ತಿರುವುದು ಹೆಚ್ಚು ಹೆಚ್ಚು ವೇಗವಾಗಿ ಸಾಗಿಸುವ ವಿದ್ಯೆಯನ್ನೇ. ನಾಳೆ ಡೇಟಾ ಸೆಂಟರ್ ಕಟ್ಟುವಾಗ "ಇದಕ್ಕೆ ನೀರು ಎಲ್ಲಿಂದ, ಎಷ್ಟು ವರ್ಷ?" ಅಂತ ಮೀಟಿಂಗ್‌ನಲ್ಲಿ ಕೇಳೋದು ನಮ್ಮ ಕೆಲಸ. ಕೆಲಸಕ್ಕೂ ವೀಸಾಕ್ಕೂ ಗಂಟು ಬಿದ್ದಿರುವ ನಮಗೆ ಬಾಯಿ ತೆರೆಯೋದು ಸುಲಭ ಅಲ್ಲ, ಗೊತ್ತು. ಅದಕ್ಕೇ ಈಗಿನಿಂದಲೇ ಕೇಳಿ ಅಭ್ಯಾಸ ಮಾಡಿಕೊಳ್ಳಬೇಕು.

ಬೂಮ್ ಇದ್ದ ಜಾಗ ಈಗ ರಾಷ್ಟ್ರೀಯ ಐತಿಹಾಸಿಕ ತಾಣ, ಊರಿನಿಂದ ಉತ್ತರಕ್ಕೆ 95ನೇ ಹೆದ್ದಾರಿಯಲ್ಲೇ ಇದೆ. ಮುಂದಿನ ಸಲ ಹೊಸ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಮೊದಲು ಅಲ್ಲಿ ಕಾರು ನಿಲ್ಲಿಸೋಣ. ಐಸ್‌ಕ್ರೀಂ ಆಮೇಲೆ ಇದ್ದೇ ಇದೆ.