ಬಯಲಲ್ಲಿ ಗೆದ್ದ ಪಂದ್ಯ, ತೆರೆಯ ಮೇಲಿನ ನೆನಪು

1968ರ ಏಪ್ರಿಲ್ 4ರ ರಾತ್ರಿ ಗ್ರೀಸ್ ದೇಶದ ರಾಜಧಾನಿ ಅಥೆನ್ಸಿನಲ್ಲಿ ಒಂದು ಬಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಅಲ್ಲಿನ ಎಇಕೆ ಎಂಬ ಕ್ಲಬ್ಬು ಚೆಕೊಸ್ಲೊವಾಕಿಯದ ಸ್ಲಾವಿಯ ಪ್ರಾಗ್ ತಂಡವನ್ನು 89–82 ಅಂಕಗಳಿಂದ ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದುಕೊಂಡಿತು. ತಂಡವಾಗಿ ಆಡುವ ಯಾವುದೇ ಆಟದಲ್ಲಿ ಗ್ರೀಕ್ ಕ್ಲಬ್ಬೊಂದಕ್ಕೆ ಯುರೋಪಿನ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಐವತ್ತು ವರ್ಷಗಳ ನಂತರ, 2018ರಲ್ಲಿ, ತಾಸೊಸ್ ಬುಲ್ಮೆಟಿಸ್ ಎಂಬ ನಿರ್ದೇಶಕರು ಈ ಗೆಲುವನ್ನು ಕುರಿತು '1968' ಎಂಬ ಚಲನಚಿತ್ರ ತೆಗೆದರು.

ಇದು ಡಾಕ್ಯುಡ್ರಾಮಾ ಎಂಬ ಜಾತಿಯ ಚಿತ್ರ. ಅಂದರೆ ಅರ್ಧ ಸಾಕ್ಷ್ಯಚಿತ್ರ, ಅರ್ಧ ನಾಟಕ. ಅಂದು ಆಡಿದ ಆಟಗಾರರು ಮುಪ್ಪಿನಲ್ಲಿ ಕ್ಯಾಮೆರಾದ ಮುಂದೆ ಕುಳಿತು ನೆನಪು ಹೇಳುತ್ತಾರೆ. ಹಳೆಯ ಕಪ್ಪು-ಬಿಳುಪಿನ ದೃಶ್ಯಗಳು ಬರುತ್ತವೆ. ಇವುಗಳ ನಡುವೆ ನಟ-ನಟಿಯರು ಆ ಕಾಲದ ಸಾಮಾನ್ಯ ಜನರಾಗಿ ಅಭಿನಯಿಸುತ್ತಾರೆ. ಇಂಥ ಚಿತ್ರಗಳು ಈಗ ನಮ್ಮ ಮನೆಗಳಲ್ಲೂ ಬೇಕಾದಷ್ಟು ಓಡುತ್ತಿವೆ. ತರಗತಿಯಲ್ಲಿ ಹುಡುಗರು "ಸಾರ್, ಸಿನಿಮಾದಲ್ಲಿ ನೋಡಿದ್ದೀನಿ, ಹಾಗೇ ಆಗಿತ್ತು" ಎಂದು ಚರಿತ್ರೆಯ ಉತ್ತರ ಹೇಳುವುದೂ ಹೆಚ್ಚಿದೆ. ಹಾಗೇ ಆಗಿತ್ತು ಎಂಬುದು ನಮಗೆ ಗೊತ್ತಾದದ್ದು ಹೇಗೆ? ಪ್ರಯೋಗಾಲಯದಲ್ಲಿ ನಾವು ಕೇಳುವ ಈ ಪ್ರಶ್ನೆಯನ್ನು ಸಿನಿಮಾದ ಮುಂದೆಯೂ ಕೇಳಬಹುದಲ್ಲವೇ?

ಮೊದಲು ಆ ಗೆಲುವು ಅಷ್ಟು ದೊಡ್ಡದೇಕೆ ಎಂಬುದನ್ನು ನೋಡೋಣ. ಎಇಕೆ ಎಂಬ ಹೆಸರಿನ ಕೊನೆಯ ಅಕ್ಷರ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂಚಿಸುತ್ತದೆ. ಇಂದಿನ ತುರ್ಕಿಯ ಇಸ್ತಾಂಬುಲ್ ಅದೇ. ಗ್ರೀಸಿಗೂ ತುರ್ಕಿಗೂ ನಡೆದ ಯುದ್ಧ 1922ರಲ್ಲಿ ಮುಗಿದ ಮೇಲೆ ಎರಡು ದೇಶಗಳು 1923ರಲ್ಲಿ ಜನರನ್ನೇ ಅದಲುಬದಲು ಮಾಡಿಕೊಂಡವು. ಯುದ್ಧಕಾಲದಲ್ಲಿ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಮಂದಿ ಗ್ರೀಸಿಗೆ ಬಂದರು. ಸುಮಾರು 4 ಲಕ್ಷ ಮುಸ್ಲಿಮರು ಅತ್ತ ಹೋದರು. ಬಂದವರಿಗೆ ಮನೆಯಿಲ್ಲ, ಕೆಲಸವಿಲ್ಲ. ಮೊದಲೇ ಇದ್ದವರ ತಾತ್ಸಾರ ಬೇರೆ. ಇಂಥ ನಿರಾಶ್ರಿತರು 1924ರಲ್ಲಿ ಅಥೆನ್ಸಿನಲ್ಲಿ ಕಟ್ಟಿಕೊಂಡ ಕ್ರೀಡಾಸಂಘವೇ ಎಇಕೆ. ಅಂಗಿಯ ಬಣ್ಣ ಹಳದಿ-ಕಪ್ಪು. ಲಾಂಛನ ಬೈಜಾಂಟಿಯಮ್ ಸಾಮ್ರಾಜ್ಯವನ್ನು ನೆನಪಿಸುವ ಎರಡು ತಲೆಯ ಹದ್ದು. (ನಮಗೆ ಗಂಡಭೇರುಂಡ ಹೊಸದಲ್ಲ, ಆದ್ದರಿಂದ ಚಿತ್ರ ಕಣ್ಣಿಗೆ ಕಟ್ಟುವುದು ಸುಲಭ.) ಬಿಟ್ಟುಬಂದ ಊರನ್ನು ಅಂಗಿಯ ಮೇಲೆ ಹೊತ್ತು ಆಡಿದ ತಂಡ ಇದು.

ನಿರ್ದೇಶಕ ಬುಲ್ಮೆಟಿಸರೂ ಅದೇ ಊರಿನವರು. ಇಸ್ತಾಂಬುಲ್‌ನಲ್ಲಿ 1957ರಲ್ಲಿ ಹುಟ್ಟಿದ ಅವರು, ತುರ್ಕಿ ಸರಕಾರ 1964ರಲ್ಲಿ ಅಲ್ಲಿನ ಗ್ರೀಕ್ ಪೌರರನ್ನು ಹೊರಹಾಕಿದಾಗ ಏಳು ವರ್ಷದ ಬಾಲಕನಾಗಿ ಗ್ರೀಸಿಗೆ ಬಂದರು. ಪಂದ್ಯ ನಡೆದಾಗ ಅವರಿಗೆ ಹತ್ತು-ಹನ್ನೊಂದು ವರ್ಷ. ಅವರ ಹಿಂದಿನ ಪ್ರಸಿದ್ಧ ಚಿತ್ರವೂ ಇಂಥ ವಲಸೆಯದೇ ಕಥೆ. ಹಾಗಾಗಿ ಈ ಚಿತ್ರಕ್ಕೆ ಒಂದು ಪಕ್ಷವಿದೆ. ಅದನ್ನು ತಪ್ಪೆಂದು ನಾನು ಹೇಳಲಾರೆ. ಆದರೆ ನೋಡುವವರಿಗೆ ಗೊತ್ತಿರಬೇಕು.

ಪಂದ್ಯ ನಡೆದ ಜಾಗವೂ ಸಾಮಾನ್ಯದ್ದಲ್ಲ. 1896ರಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ, ಕುದುರೆಲಾಳದ ಆಕಾರದ, ಪೂರ್ತಿ ಅಮೃತಶಿಲೆಯ ಬಯಲು ಕ್ರೀಡಾಂಗಣ ಅದು. ಸುಮಾರು 80 ಸಾವಿರ ಜನ ಸೇರಿದ್ದರೆಂದು ದಾಖಲೆ ಹೇಳುತ್ತದೆ. ಈಗ ಅಲ್ಲಿ ಕೂರಬಹುದಾದವರು 50 ಸಾವಿರದ ಆಸುಪಾಸು. ಹಾಗಾದರೆ ಉಳಿದವರು ಎಲ್ಲಿದ್ದರು? ಒತ್ತಿ ಕುಳಿತವರು, ನಿಂತವರು ಎಷ್ಟು ಮಂದಿ? ಹಳೆಯ ಛಾಯಾಚಿತ್ರ ಹಿಡಿದು, ಒಬ್ಬ ಮನುಷ್ಯನಿಗೆ ಮುಕ್ಕಾಲು ಅಡಿಯೋ ಒಂದೂವರೆ ಅಡಿಯೋ ಎಂದು ಲೆಕ್ಕ ಹಾಕುವುದು ಎಂಟನೆಯ ತರಗತಿಯವರಿಗೆ ಒಳ್ಳೆಯ ಅಭ್ಯಾಸ.

ನಮ್ಮ ಶಾಲಾ ಮೈದಾನಗಳಲ್ಲಿ ಬಯಲಲ್ಲೇ ಆಡುವ ಮಕ್ಕಳಿಗೆ ಇನ್ನೊಂದು ಲೆಕ್ಕ. ಬಳೆಯ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಚೆಂಡಿನ ವ್ಯಾಸ ಸುಮಾರು 24. ನೇರ ಮೇಲಿನಿಂದ ಬೀಳುವ ಚೆಂಡಿಗೆ ಇಡೀ 45 ಸೆಂಟಿಮೀಟರ್ ತೆರೆದಿರುತ್ತದೆ. ಓರೆಯಾಗಿ ಬರುವ ಚೆಂಡಿಗೆ ಬಳೆ ಅಂಡಾಕಾರವಾಗಿ ಕಿರಿದಾಗುತ್ತದೆ; ನೆಲಕ್ಕೆ 30 ಡಿಗ್ರಿ ಕೋನದಲ್ಲಿ ಬಂದರೆ ದಾರಿ ಇಪ್ಪತ್ತೆರಡೂವರೆ ಸೆಂಟಿಮೀಟರ್ ಮಾತ್ರ, ಚೆಂಡಿಗೇ ಸಾಲದು. ಆದ್ದರಿಂದಲೇ ಚೆಂಡನ್ನು ಎತ್ತರಕ್ಕೆ ಕಮಾನಾಗಿ ಎಸೆಯಬೇಕು. ಎತ್ತರಕ್ಕೆ ಎಸೆದಷ್ಟೂ ಅದು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಬಯಲಾದರೆ ಬೀಸುವ ಗಾಳಿಗೆ ಅಷ್ಟೂ ಅವಕಾಶ. ಇದನ್ನು ತಿಳಿದು ಅಮೆರಿಕಾನೊಸ್, ಟ್ರೊಂಟ್ಜೊಸ್ ಮುಂತಾದವರ ಆಟದ ಹಳೆಯ ತುಣುಕುಗಳನ್ನು ನೋಡಿದರೆ ಗೌರವ ಹೆಚ್ಚುತ್ತದೆ. ಮೂರು ಅಂಕದ ಗೆರೆ ಅಂತರರಾಷ್ಟ್ರೀಯ ನಿಯಮಕ್ಕೆ ಬಂದದ್ದು 1984ರಲ್ಲಿ. ಎಂದರೆ ಆ 89 ಅಂಕಗಳೂ ಎರಡೆರಡಾಗಿ, ಫ್ರೀ ಥ್ರೋದಲ್ಲಿ ಒಂದೊಂದಾಗಿ ಕೂಡಿಟ್ಟವು.

ಅಂಗಣಕ್ಕೆ ಹೋಗಲಾಗದವರು ರೇಡಿಯೋ ಕೇಳಿದರು. ಚಿತ್ರದ ನಾಟಕದ ಭಾಗ ನಿಂತಿರುವುದು ಇವರ ಮೇಲೆ. ಇಲ್ಲಿಯೇ ನಾವು ಎಚ್ಚರವಾಗಿರಬೇಕಾದದ್ದು. ಆಟಗಾರನ ಮಾತು ಸಾಕ್ಷ್ಯ, ಆದರೂ ಐವತ್ತು ವರ್ಷ ಹಳೆಯ ನೆನಪು. ಹಲವು ಬಾರಿ ಹೇಳಿ ಹೇಳಿ ನುಣುಪಾಗಿರುತ್ತದೆ. ಹಳೆಯ ಫಿಲ್ಮು ಗಟ್ಟಿ ಸಾಕ್ಷ್ಯ, ಆದರೆ ಕ್ಯಾಮೆರಾ ತಿರುಗಿದ ಕಡೆಯದು ಮಾತ್ರ. ರೇಡಿಯೋದ ಮುಂದೆ ಕುಳಿತವರ ಸಂಭಾಷಣೆಯನ್ನಂತೂ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅದು ಕಥೆಗಾರನ ಊಹೆ. ಊಹೆ ಎಂದ ಮಾತ್ರಕ್ಕೆ ಸುಳ್ಳಲ್ಲ. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ರನ್ನುಗಳ ಟಿವಿ ಚಿತ್ರಣ ಇಲ್ಲವೇ ಇಲ್ಲ. ಇನ್ನೊಂದು ತುದಿಯಲ್ಲಿ ನಮ್ಮ ಕಿರ್ಮಾನಿ 24 ರನ್ ಹೊಡೆದು ಔಟಾಗದೆ ನಿಂತಿದ್ದರು. 2021ರಲ್ಲಿ ಬಂದ '83' ಚಿತ್ರ ಆ ಆಟವನ್ನು ಹೊಸದಾಗಿ ಆಡಿಸಿಯೇ ತೋರಿಸಬೇಕಾಯಿತು. ಸ್ಕೋರು ಸಾಕ್ಷ್ಯ, ಬ್ಯಾಟು ಬೀಸಿದ ಭಂಗಿ ನಟನೆ. ಎರಡನ್ನೂ ಬೇರೆ ಬೇರೆ ಖಾನೆಯಲ್ಲಿ ಬರೆದುಕೊಳ್ಳಬಲ್ಲ ಹುಡುಗ ಇಂಥ ಚಿತ್ರ ಎಷ್ಟು ನೋಡಿದರೂ ಕೆಡುವುದಿಲ್ಲ. ಮಕ್ಕಳ ಜೊತೆ ಕುಳಿತು ನೋಡುವ ತಂದೆತಾಯಿಯರು ನಡುವೆ ಒಮ್ಮೆ ನಿಲ್ಲಿಸಿ, "ಇದನ್ನು ಕಂಡವರು ಯಾರು?" ಎಂದು ಕೇಳಿದರೆ ಸಾಕು.

ಆ ಗೆಲುವು ಯಾರದು ಎಂಬ ಪ್ರಶ್ನೆಯೂ ಇದೆ. 1967ರ ಏಪ್ರಿಲ್ 21ರಂದು ಗ್ರೀಸಿನಲ್ಲಿ ಸೇನೆಯ ಕರ್ನಲ್‌ಗಳು ಅಧಿಕಾರ ಕಿತ್ತುಕೊಂಡಿದ್ದರು. ಪತ್ರಿಕೆಗಳಿಗೆ ಕತ್ತರಿ, ವಿರೋಧಿಗಳಿಗೆ ಸೆರೆ ಅಥವಾ ದ್ವೀಪಗಳಿಗೆ ಗಡೀಪಾರು. ಈ ಆಡಳಿತ ಬಿದ್ದದ್ದು 1974ರಲ್ಲಿ. ಜನ ಗುಂಪುಗೂಡುವುದಕ್ಕೇ ಹೆದರುತ್ತಿದ್ದ ಕಾಲದಲ್ಲಿ ಸಾವಿರಾರು ಮಂದಿ ಒಂದೆಡೆ ಸೇರಿ ಕೂಗಿದ್ದರ ಅರ್ಥವೇನು? ಕ್ರೀಡೆಯ ಜಯಗಳೆಂದರೆ ಇಂಥ ಸರಕಾರಗಳಿಗೆ ಯಾವಾಗಲೂ ಪ್ರೀತಿ. ಕಲ್ಲುಮೆಟ್ಟಿಲ ಮೇಲೆ ಕುಳಿತ ನಿರಾಶ್ರಿತರ ಮಕ್ಕಳಿಗೆ ಅದು ಅಪ್ಪ-ಅಮ್ಮನ ಗೆಲುವು. ಒಂದೇ ಚಪ್ಪಾಳೆಯಲ್ಲಿ ಎರಡೂ ಬೆರೆತಿದ್ದವು. ಸ್ಕೋರು ಹಲಗೆ ಇದನ್ನು ಹೇಳುವುದಿಲ್ಲವಾದ್ದರಿಂದ ನಾಟಕದ ಸಹಾಯ ಬೇಕಾಗುತ್ತದೆ.

ಸೋತವರ ಕಡೆಯೂ ಒಂದು ಕಥೆಯಿದೆ. ಆ ವರ್ಷ ಜನವರಿಯಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ಪಕ್ಷದ ನಾಯಕರಾದ ಮೇಲೆ ಚೆಕೊಸ್ಲೊವಾಕಿಯದಲ್ಲಿ ಬಿಡುಗಡೆಯ ಗಾಳಿ ಬೀಸುತ್ತಿತ್ತು. ಸ್ಲಾವಿಯ ಆಟಗಾರರು ಅಂಥ ಪ್ರಾಗ್‌ನಿಂದ ಸೈನಿಕ ಆಡಳಿತದ ಅಥೆನ್ಸಿಗೆ ಬಂದು ಆಡಿ, ಸೋತು ಹಿಂತಿರುಗಿದರು. ನಾಲ್ಕು ತಿಂಗಳು ಕಳೆದು, ಆಗಸ್ಟ್ 20ರ ರಾತ್ರಿ, ಸೋವಿಯತ್ ಮತ್ತು ಮಿತ್ರರಾಷ್ಟ್ರಗಳ ಟ್ಯಾಂಕುಗಳು ಅವರ ದೇಶಕ್ಕೆ ನುಗ್ಗಿದವು. ಮರುವರ್ಷ, 1969ರಲ್ಲಿ, ಸ್ಲಾವಿಯ ತಂಡ ಮತ್ತೆ ಅದೇ ಕಪ್ಪಿನ ಫೈನಲ್ ತಲುಪಿತು. ವಿಯೆನ್ನಾದಲ್ಲಿ ನಡೆದ ಆ ಪಂದ್ಯದಲ್ಲಿ ಎದುರಾಳಿ ಸೋವಿಯತ್ ಒಕ್ಕೂಟದ ಡೈನಮೊ ತ್ಬಿಲಿಸಿ. ಸ್ಲಾವಿಯ 80–74ರಿಂದ ಗೆದ್ದಿತು.